ಎಳೆದ ಗಾಳಿ ಎಲ್ಲಿಗೆ ಹೋಯಿತು

ಶಿಷ್ಯ ಕೇಳಿದ: "ಗುರುಗಳೇ, ದಿನವೂ ನಿಮ್ಮ ಮಾತು ಕೇಳುತ್ತೇನೆ. ಬೆಳಗ್ಗೆ ಓದುತ್ತೇನೆ, ಸಂಜೆ ಧ್ಯಾನಕ್ಕೆ ಕೂರುತ್ತೇನೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇನ್ನೆಷ್ಟು ಶ್ರಮಪಡಬೇಕು?"

ಗುರುಗಳು ಬೇಸರದ ದನಿಯಲ್ಲೇ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಗಂಡ ಹೆಂಡತಿ ಬಣ್ಣದ ಮೀನು ಸಾಕುತ್ತಿದ್ದರು. ಅದೇ ಅವರ ಜೀವನ. ತೊಟ್ಟಿಯ ಮೀನುಗಳಿಗೆ ಉಸಿರು ಕೊಡುತ್ತಿದ್ದುದು ಅಂಗೈಯಗಲದ ಒಂದು ಪಂಪು. ಅದರೊಳಗೆ ಇರುವುದು ತೆಳುವಾದ ಒಂದು ರಬ್ಬರ್ ಹಾಳೆ, ಎರಡು ಪುಟ್ಟ ವಾಲ್ವು. ಮೋಟಾರು ಹಾಳೆಯನ್ನು ಹಿಂದಕ್ಕೆ ಎಳೆದಾಗ ಒಂದು ವಾಲ್ವು ತೆರೆದು ಗಾಳಿ ಒಳಗೆ ಬರುತ್ತದೆ. ಮುಂದಕ್ಕೆ ಒತ್ತಿದಾಗ ಅದು ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆಯುತ್ತದೆ, ಗಾಳಿ ಕೊಳವೆಯಲ್ಲಿ ಹಾದು ನೀರಿಗೆ ಸೇರುತ್ತದೆ. ಹಾಳೆಗೆ ಗೊತ್ತಿರುವುದು ಹಿಂದೆ ಮುಂದೆ ಆಡುವುದು ಮಾತ್ರ. ಗಾಳಿಗೆ ದಾರಿ ತೋರಿಸುವುದು ವಾಲ್ವು.

ಒಂದು ದಿನ ನೀರಿನಲ್ಲಿ ಗುಳ್ಳೆ ಏಳುವುದು ನಿಂತಿತು. ಪಂಪು ಎಂದಿನಂತೆ ಗುಂಯ್‌ಗುಡುತ್ತಲೇ ಇತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಹೆಂಡತಿ ತಂಬಿಗೆಯಲ್ಲಿ ನೀರು ಮೊಗೆದು, ಅದರೊಡನೆ ಒಂದಿಷ್ಟು ಗಾಳಿಯಾದರೂ ಸೇರಲೆಂದು, ಎತ್ತರದಿಂದ ತೊಟ್ಟಿಗೇ ಸುರಿಯುತ್ತ ನಿಂತಳು.

ಗಂಡ ಪಂಪಿನ ವೇಗ ಹೆಚ್ಚಿಸಿದ. ಸದ್ದು ಹೆಚ್ಚಿತು, ಗುಳ್ಳೆ ಬರಲಿಲ್ಲ. ಪೇಟೆಗೆ ಓಡಿ ಹೊಸ ಹಾಳೆ ತಂದು ಹಾಕಿದ. ಬರಲಿಲ್ಲ. ಹೆಚ್ಚು ಬಲದ ಮೋಟಾರು ತಂದು ಜೋಡಿಸಿದ. ಆ ರಭಸಕ್ಕೆ ಹೊಸ ಹಾಳೆಯೇ ಹರಿಯಿತು. ಅಷ್ಟರಲ್ಲಿ ಕೆಲವು ಮೀನು ಹೊಟ್ಟೆ ಮೇಲಾಗಿ ತೇಲತೊಡಗಿದ್ದವು. ಹಾಳೆ ಮಾರಿದವನನ್ನು ಬೈದ, ಮೋಟಾರು ಮಾಡಿದವನನ್ನು ಬೈದ. ಕೊನೆಗೆ, ಪಂಪನ್ನು ಕಂಡಕಂಡಲ್ಲಿ ಇಡುತ್ತೀಯೆಂದು ಹೆಂಡತಿಯನ್ನೂ ಬೈದ. ಹಳೆಯ ಹಾಳೆಯನ್ನೂ ಹಳೆಯ ಮೋಟಾರನ್ನೂ ಮತ್ತೆ ಹಾಕಿದ. ಪಂಪು ಮತ್ತೆ ಸುಮ್ಮನೆ ಗುಂಯ್‌ಗುಟ್ಟಿತು.

ಸುರಿದು ಸುರಿದು ಹೆಂಡತಿಯ ರಟ್ಟೆ ಬಿದ್ದುಹೋಗಿತ್ತು. ಅವಳು ತಂಬಿಗೆ ಕೆಳಗಿಡದೆ ಹೇಳಿದಳು: "ನನ್ನನ್ನು ಆಮೇಲೆ ಬೈಯಿರಿ. ಅದು ಗಾಳಿ ಎಳೆಯುತ್ತಿದೆಯಲ್ಲ, ಎಳೆದದ್ದು ಎಲ್ಲಿಗೆ ಹೋಗುತ್ತಿದೆ ಅಂತ ಒಮ್ಮೆ ನೋಡಿ."

ಅವನು ಸಿಡುಕುತ್ತಲೇ ಗಾಳಿ ಒಳಹೋಗುವ ತೂತಿನ ಬಳಿ ಬೆರಳು ಹಿಡಿದ. ಪಂಪು ಎಳೆದ ಗಾಳಿಯನ್ನೆಲ್ಲ ಅದೇ ತೂತಿನಿಂದ ಅವನ ಬೆರಳಿನ ಮೇಲೆ ಊದುತ್ತಿತ್ತು. ಬಿಚ್ಚಿ ನೋಡಿದರೆ ಗಾಳಿ ಒಳಬರುವ ಕಡೆಯ ವಾಲ್ವಿನಡಿಯಲ್ಲಿ ಮೀನಿನ ಆಹಾರದ ಒಂದು ಚೂರು ಸಿಕ್ಕಿಕೊಂಡಿತ್ತು. ವಾಲ್ವು ತೆರೆದೇ ಇತ್ತು, ಮುಚ್ಚುತ್ತಿರಲಿಲ್ಲ. ಚೂರನ್ನು ಬಟ್ಟೆಯ ತುದಿಯಿಂದ ಒರೆಸಿ ತೆಗೆದು, ಹಳೆಯ ಮೋಟಾರನ್ನೇ ನಿಧಾನ ವೇಗಕ್ಕೆ ಇಟ್ಟ. ಗುಳ್ಳೆಗಳು ಎದ್ದವು. ಅರ್ಧದಷ್ಟು ಮೀನು ಉಳಿದವು. ಸತ್ತವನ್ನು ಅವನೇ ಒಂದೊಂದಾಗಿ ಎತ್ತಿ ಹಾಕಿದ. ಹೆಂಡತಿಯ ಮುಖ ನೋಡಲು ಅವನಿಗೆ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು, ಕತೆ ಬಹಳ ಚೆನ್ನಾಗಿದೆ, ಆದರೆ ತಾನು ಇನ್ನೆಷ್ಟು ಶ್ರಮಪಡಬೇಕೆಂಬುದನ್ನು ಹೇಳಲಿಲ್ಲವಲ್ಲ ಎಂದ.

ಗುರುಗಳು ಹೇಳಿದರು: "ಹೋದ ವರ್ಷವೂ ನೀನು ಇದನ್ನೇ ಕೇಳಿದ್ದೆ; ಆಗ ನಾನು ಏನು ಹೇಳಿದ್ದೆ, ಹೇಳು."

ಶಿಷ್ಯ ತಲೆ ಕೆರೆದುಕೊಂಡು, "ಅದು ನೆನಪಿಲ್ಲ, ಗುರುಗಳೇ" ಎಂದ.