ಕಪ್ಪು ಬಿಳುಪಿನಲ್ಲಿ ಕಿತ್ತಳೆ

"ಗುರುಗಳೇ, ಉಗ್ರಾಣದ ತುಪ್ಪ ಕದ್ದವನು ಅಡುಗೆಯ ತೋಂಟಪ್ಪನೇ. ಅವನು ಅಲ್ಲಿಂದ ಹೊರಟು ಹೋಗುವಾಗ ಬೆನ್ನನ್ನು ನಾನೇ ಕಂಡೆ, ಮಿಕ್ಕದ್ದನ್ನು ಅಕ್ಕಪಕ್ಕದ ನಾಲ್ವರು ಹೇಳಿದ್ದಾರೆ. ಅವನನ್ನು ಇನ್ನೂ ಏಕೆ ಮಠದಲ್ಲಿ ಇಟ್ಟುಕೊಂಡಿದ್ದೀರಿ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರ ಕೂದಲೆಳೆಯಂಥ ಗೆರೆಗಳ ಕಪ್ಪು ಬಿಳುಪಿನ ಬಟ್ಟೆ ನೇಯುತ್ತಿದ್ದ. ನೂಲು ಕೊಡುವವನೂ ಬಟ್ಟೆ ಕೊಳ್ಳುವವನೂ ಒಬ್ಬನೇ ವ್ಯಾಪಾರಿ. ಒಂದು ದಿನ ವ್ಯಾಪಾರಿ ಬಟ್ಟೆಯ ಫೋಟೋ ತೆಗೆದ. ಫೋಟೋದಲ್ಲಿ ಕಿತ್ತಳೆ ಬಣ್ಣದ ಪಟ್ಟೆಗಳಿದ್ದವು. ಬಟ್ಟೆ ಅವನ ತೊಡೆಯ ಮೇಲೆಯೇ ಇತ್ತು, ಅದರಲ್ಲಿ ಕಿತ್ತಳೆ ಇರಲಿಲ್ಲ. ಅವನು ಓದಿದವನು, ಫೋಟೋವನ್ನೇ ನಂಬಿದ.

"ಕಣ್ಣಿಗೆ ಬೀಳದ ಹಾಗೆ ಬಣ್ಣದ ಎಳೆ ಸೇರಿಸಿದ್ದೀಯ. ಕ್ಯಾಮೆರಾಕ್ಕೂ ಟೋಪಿ ಹಾಕ್ತೀಯೇನೋ? ನಾಳೆಯಿಂದ ನಿನಗೆ ನೂಲಿಲ್ಲ."

ನೂಲಿಲ್ಲವೆಂದರೆ ಮಗ್ಗವಿಲ್ಲ. ನೇಕಾರ ನೇರವಾಗಿ ಫೋಟೋ ಸ್ಟುಡಿಯೋಗೆ ಹೋಗಿ, ಕ್ಯಾಮೆರಾ ಬಣ್ಣವನ್ನು ಹೇಗೆ ನೋಡುತ್ತದೆ ಎಂದು ವಿಚಾರಿಸಿದ.

"ಅದರ ಕಣ್ಣು ಚೌಕಳಿ ಕಣಯ್ಯ. ಒಂದೊಂದು ಮನೆ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನೇ ಅಳೆಯುತ್ತೆ. ಉಳಿದೆರಡನ್ನು ಅಕ್ಕಪಕ್ಕದ ಮನೆಗಳಿಂದ ಅಂದಾಜು ಮಾಡುತ್ತೆ" ಎಂದ ಸ್ಟುಡಿಯೋದವನು.

ನೇಕಾರನಿಗೆ ನಗು ಬಂತು. ಚೌಕಳಿ ಅವನ ಕಸುಬು. ಅಂಚಿನ ವಿನ್ಯಾಸ ಬರೆಯುವ ಗ್ರಾಫ್ ಹಾಳೆಯ ಮೇಲೆ, ಬಟ್ಟೆಯ ಗೆರೆ ಕ್ಯಾಮೆರಾದ ಒಂದು ಮನೆಯಷ್ಟೇ ಸಣ್ಣದು ಎಂಬಂತೆ, ಮನೆಗೊಂದರಂತೆ ಉದ್ದುದ್ದಕ್ಕೆ ಕಪ್ಪು, ಬಿಳಿ ಗೆರೆಗಳನ್ನು ಎಳೆದ. ಯಾವ ಮನೆ ಯಾವ ಬಣ್ಣ ಅಳೆಯುತ್ತದೆ ಎಂಬುದನ್ನು ಸ್ಟುಡಿಯೋದವನಿಂದಲೇ ಗುರುತು ಹಾಕಿಸಿದ. ಆಮೇಲೆ ವ್ಯಾಪಾರಿಯನ್ನು ಅಲ್ಲಿಗೇ ಕರೆಸಿ, ಪೆನ್ಸಿಲ್ಲನ್ನು ಅವನ ಕೈಗೆ ಕೊಟ್ಟ.

"ಬಿಳಿ ಮೇಲೆ ಬಿದ್ದ ಮನೆಗೆ ಅಳತೆ ಪೂರ್ತಿ, ಕಪ್ಪಿನ ಮೇಲೆ ಸೊನ್ನೆ. ಒಂದೊಂದು ಮನೆಯಲ್ಲಿ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದಿಂದ ನೀವೇ ತುಂಬಿ, ಸಾಹುಕಾರ್ರೇ. ನಾನು ಮುಟ್ಟೋದಿಲ್ಲ."

ವ್ಯಾಪಾರಿ ತುಂಬುತ್ತಾ ಹೋದ. ಕೆಂಪಿನ ಮನೆಗಳೆಲ್ಲ ಬಿಳಿ ಗೆರೆಯ ಮೇಲೆ ಬಿದ್ದಿದ್ದವು, ನೀಲಿಯವೆಲ್ಲ ಕಪ್ಪಿನ ಮೇಲೆ. ಹಸಿರು ಎರಡರಲ್ಲೂ ಇತ್ತು. ಅಕ್ಕಪಕ್ಕದಿಂದ ಎರವಲು ತಂದು ತುಂಬಿದಾಗ ಎಲ್ಲೆಲ್ಲೂ ಒಂದೇ ಲೆಕ್ಕ: ಕೆಂಪು ಪೂರ್ತಿ, ಹಸಿರು ಅರ್ಧ, ನೀಲಿ ಇಲ್ಲವೇ ಇಲ್ಲ. ಸ್ಟುಡಿಯೋದವನು ಆ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟ. ಪರದೆ ಕಿತ್ತಳೆಯಾಯಿತು.

"ಈಗ ಬಣ್ಣದ ಎಳೆ ಸೇರಿಸಿದ್ದು ಯಾರು, ಸಾಹುಕಾರ್ರೇ?"

ವ್ಯಾಪಾರಿ ತನ್ನ ಕೈಯಲ್ಲಿದ್ದ ಪೆನ್ಸಿಲ್ಲನ್ನು ನೋಡಿಕೊಂಡ. ಮಾರನೆಯ ಬೆಳಿಗ್ಗೆ ನೂಲಿನ ಮೂಟೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದ. ನೇಕಾರರ ಬೀದಿಯ ಮಗ್ಗಗಳೆಲ್ಲ ನಿಂತವು, ಜನ ಬಾಗಿಲಿಗೆ ಬಂದು ನೋಡಿದರು. ನೇಕಾರ ಮೂಟೆ ಇಳಿಸಿಕೊಳ್ಳಲು ಅವಸರ ಮಾಡಲಿಲ್ಲ.

ಕತೆ ಮುಗಿಸಿ ಗುರುಗಳು ಕೇಳಿದರು: "ಮರುಳಯ್ಯ, ಬೆನ್ನು ನೀನು ಕಂಡೆ, ತುಪ್ಪವನ್ನು ಅಕ್ಕಪಕ್ಕದ ಯಾವ ಮನೆಯಿಂದ ತಂದು ತುಂಬಿಕೊಂಡೆ?"