ತಿರುಗಿ ಹೋದ ನಿಂಬೆಯ ಬುಟ್ಟಿ

“ಗುರುಗಳೇ, ಬಚ್ಚಿಟ್ಟವಳು ಅವಳು. ನಾಚಿಕೆ ನನಗೇಕೆ?”

ಹೀಗೆ ಕೇಳಿದವನು ಅಡಿವೆಪ್ಪ. ಮಗ್ಗದ ಕೆಲಸದವನು. ಅವನ ಹೆಂಡತಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಹೊಟ್ಟೆಯೊಳಗೆ ಗಂಟು ಬೆಳೆದಿತ್ತು. ಬಹಳ ದಿನದಿಂದ ನೋವಿತ್ತಂತೆ. ಅವಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಇವನ ಮುಖ ನೋಡಿ, “ಇಷ್ಟು ದಿನ ಎಲ್ಲಿದ್ದಿರಿ?” ಎಂದಿದ್ದರು.

“ನಾನು ಕೇಳದೆ ಬಿಟ್ಟವನಲ್ಲ,” ಎಂದ ಅಡಿವೆಪ್ಪ. “ದಿನಾ ಕೇಳುತ್ತಿದ್ದೆ. ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ಬಾಯಿಬಿಟ್ಟು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ತಪ್ಪು ನನ್ನದಲ್ಲ. ಆದರೂ ಓಣಿಯಲ್ಲಿ ತಲೆ ಎತ್ತಿ ನಡೆಯಲಾಗುವುದಿಲ್ಲ.”

ಗುರುಗಳು ಹರೆಯದಲ್ಲಿ ಹಡಗಿನಲ್ಲಿ ದುಡಿದವರು. ದೂರದ ಬಂದರುಗಳನ್ನು ಕಂಡವರು. ಅವರು ತಪ್ಪು ಇದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೂತುಕೋ ಎಂದರು. ಒಂದು ಕತೆ ಹೇಳಿದರು.

ಭೂಮಧ್ಯ ಸಮುದ್ರದಲ್ಲಿ ಒಂದು ದ್ವೀಪ. ದೊಡ್ಡದಲ್ಲ. ಕಲ್ಲು, ಗಾಳಿ, ಕುರಿ. ಆದರೆ ಅಲ್ಲಿ ಒಂದು ಆಳವಾದ ಬಂದರು. ಹೊರಗೆ ಎಂಥ ಬಿರುಗಾಳಿ ಇದ್ದರೂ ಒಳಗೆ ಹಡಗು ಅಲುಗದು. ಆ ಬಂದರು ಯಾರ ಕೈಯಲ್ಲೋ ಸಮುದ್ರ ಅವರ ಕೈಯಲ್ಲಿ. ಅದಕ್ಕಾಗಿ ಮೂರು ರಾಜ್ಯದವರು ಬಡಿದಾಡಿದರು. ಒಬ್ಬನು ಹಿಡಿದ. ಇನ್ನೊಬ್ಬನು ಕಿತ್ತುಕೊಂಡ. ಒಪ್ಪಂದವಾಗಿ ಮೊದಲಿನವನಿಗೇ ಮರಳಿ ಬಂತು. ದ್ವೀಪದ ಜನಕ್ಕೆ ಬೇಸರ ಬಂದುಬಿಟ್ಟಿತು.

“ಈಗ ಯಾರ ರಾಜ್ಯವಪ್ಪಾ ನಮ್ಮದು?” ಎಂದು ಒಬ್ಬ ರೈತ ಕೇಳಿದರೆ, “ತಡಿ, ಗಾಳಿ ಬೀಸಲಿ. ಬಾವುಟ ಬಿಚ್ಚಿಕೊಂಡರೆ ನೋಡಿ ಹೇಳುತ್ತೇನೆ” ಎನ್ನುತ್ತಿದ್ದನಂತೆ ಇನ್ನೊಬ್ಬ.

ಬಂದರಿನ ಬಾಯಲ್ಲಿ ಒಂದು ಕೋಟೆ. ಯಾರು ಬಂದರೂ ಮೊದಲು ಅದಕ್ಕೇ ಗುಂಡು. ಒಮ್ಮೆ ಆ ಕೋಟೆಗೆ ಮುತ್ತಿಗೆ ಬಿದ್ದಾಗ ಒಳಗಿನವರ ರಾಜನು ಹಡಗುಪಡೆ ಕಳಿಸಿದ್ದ. ಪಡೆಯ ನಾಯಕನು ಬಂದ. ಒಂದಿಷ್ಟು ಕಾದಾಡಿದ. ಇದು ಆಗದ ಕೆಲಸ ಎಂದು ತಿರುಗಿ ಹೋದ. ಕೋಟೆ ಬಿತ್ತು. ಆ ನಾಯಕನನ್ನು ಅವನ ರಾಜ್ಯದವರೇ ಹಡಗಿನ ಮೇಲೆ ಗುಂಡಿಟ್ಟು ಕೊಂದರು.

ಎಷ್ಟೋ ವರ್ಷದ ಮೇಲೆ ಅದೇ ಕೋಟೆಗೆ ಮತ್ತೆ ಮುತ್ತಿಗೆ. ಈ ಸಲವೂ ಒಳಗಿದ್ದವರು ಆ ನಾಯಕನ ರಾಜ್ಯದವರೇ. ಅವರ ಕಿಲ್ಲೇದಾರನಿಗೆ ಆ ನಾಯಕನ ಗತಿ ಗೊತ್ತಿತ್ತು. ಹಿಂದೆ ಸರಿದವನನ್ನು ತನ್ನವರು ಏನು ಮಾಡುತ್ತಾರೆಂದು ಗೊತ್ತಿತ್ತು. ಅವನು ಕೆಟ್ಟವನಲ್ಲ. ಚಳಿಗೆ ತನ್ನ ಕಂಬಳಿಯನ್ನೇ ಕಾವಲಿನವರಿಗೆ ಕೊಟ್ಟವನು. ದಿನಾ ಬೆಳಿಗ್ಗೆ ಬುರುಜು ಸುತ್ತುತ್ತಿದ್ದ. ಪ್ರತಿಯೊಬ್ಬನ ಹೆಗಲು ಮುಟ್ಟುತ್ತಿದ್ದ. “ಚೆನ್ನಾಗಿದ್ದೀ ತಾನೇ?” ಎನ್ನುತ್ತಿದ್ದ. “ಹೌದು ಧಣಿ” ಎನ್ನುತ್ತಿದ್ದರು. ಮುಂದೆ ಹೋಗುತ್ತಿದ್ದ.

ಕೋಟೆಯೊಳಗೆ ತಿನ್ನಲು ಉಪ್ಪು ಹಾಕಿದ ಮಾಂಸ, ಒಣರೊಟ್ಟಿ. ಹಸಿರು ಎಂಬುದೇ ಇಲ್ಲ. ತಿಂಗಳು ಕಳೆದಂತೆ ಸಿಪಾಯಿಗಳ ಒಸಡು ಊದಿ ಕಪ್ಪಾಯಿತು. ಹಲ್ಲು ಅಲುಗಿತು. ಕಾಲು ನೀಲಿಗಟ್ಟಿತು. ಎಂದೋ ಮಾಯ್ದ ಗಾಯಗಳು ಮತ್ತೆ ಬಾಯಿ ಬಿಟ್ಟವು. ಆದರೆ ಯಾರೂ ಹೇಳಿಕೊಳ್ಳಲಿಲ್ಲ. ಒಬ್ಬನು ಮಲಗಿದರೆ ಅವನ ಪಾಲಿನ ಕಾವಲು ಪಕ್ಕದವನ ಮೇಲೆ ಬೀಳುತ್ತದೆ. ಪಕ್ಕದವನಿಗೂ ಅದೇ ರೋಗ. ಹಾಗಾಗಿ ಬಾಯಿ ಮುಚ್ಚಿಕೊಂಡು ನಿಂತರು.

ಅಲ್ಲಿ ಒಬ್ಬ ಮುದಿ ಸಿಪಾಯಿ ಇದ್ದ. ಅವನ ಜೊತೆಗೆ ಕಾವಲು ನಿಲ್ಲುವ ಒಬ್ಬ ಹರೆಯದವನಿದ್ದ.

“ಏನು ಮಾವ, ಮುಂದಿನ ಹಲ್ಲು ಎಲ್ಲಿ?” ಎಂದ ಹರೆಯದವನು.

“ಇಷ್ಟು ದಿನ ನಾನು ರೊಟ್ಟಿ ತಿಂದೆ. ಈಗ ರೊಟ್ಟಿ ನನ್ನ ಹಲ್ಲು ತಿನ್ನುತ್ತಿದೆ. ಸರಿಗೆ ಸರಿ.”

“ಧಣಿಗೆ ಹೇಳಬಾರದೇ?”

“ನೀನು ಮೊದಲು ನಿನ್ನ ಬಾಯಿ ತೆಗೆ, ನೋಡೋಣ.”

ಹರೆಯದವನು ತೆಗೆಯಲಿಲ್ಲ.

ಹೊರಗೆ ಮುತ್ತಿಗೆ ಹಾಕಿದ್ದ ದಳವಾಯಿ ಒಂದು ದಿನ ಯೋಚನೆ ಮಾಡಿದ. ಒಳಗಿನವರಿಗೆ ಹಣ್ಣುಕಾಯಿ ಸಿಗುತ್ತಿಲ್ಲ, ಅದರಿಂದ ಬರುವ ರೋಗಕ್ಕೆ ನಿಂಬೆಯೇ ಮದ್ದು ಎಂದು ಅವನಿಗೆ ಗೊತ್ತು. ಯುದ್ಧ ಯುದ್ಧವೇ, ಮನುಷ್ಯರು ಮನುಷ್ಯರೇ ಎಂದುಕೊಂಡ. ದೊಡ್ಡ ಬುಟ್ಟಿಯಲ್ಲಿ ನಿಂಬೆಹಣ್ಣು ತುಂಬಿಸಿದ. ಬಿಳಿ ಬಾವುಟ ಕೊಟ್ಟು ಒಬ್ಬ ದೂತನ ಕೈಯಲ್ಲಿ ಕಳಿಸಿದ. “ನಿಮ್ಮಲ್ಲಿ ಕಾಯಿಲೆಯವರಿದ್ದರೆ ಕೊಡಿ. ಇದಕ್ಕೆ ಬದಲು ಏನೂ ಬೇಡ” ಎಂದು ಹೇಳಿಸಿದ.

ಕಿಲ್ಲೇದಾರನು ಬುಟ್ಟಿ ನೋಡಿದ. ತೆಗೆದುಕೊಂಡರೆ ಒಳಗೆ ಕಾಯಿಲೆ ಇದೆ ಎಂದು ಒಪ್ಪಿದಂತೆ. ನಾಳೆಯೇ ಏಣಿ ಹಾಕುತ್ತಾರೆ. ತನ್ನ ರಾಜನ ಹಡಗು ಇನ್ನೇನು ಬರಬಹುದು. ಅವನು ಬುಟ್ಟಿಯನ್ನು ದೂತನ ತಲೆಯ ಮೇಲಿಂದ ಇಳಿಸಲು ಬಿಡಲಿಲ್ಲ. ಸಿಪಾಯಿಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ. ದೂತನಿಗೂ ಕೇಳಿಸುವಂತೆ ಕೂಗಿದ.

“ಎಲ್ಲರೂ ಚೆನ್ನಾಗಿದ್ದೀರಿ ತಾನೇ?”

ಮುದಿ ಸಿಪಾಯಿಯ ಬಾಯಲ್ಲಿ ರಕ್ತ ತುಂಬಿತ್ತು. ಉಗುಳಿದರೆ ಕಾಣುತ್ತದೆ. ನುಂಗಿದ. ಆಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ.

“ಹೌದು ಧಣಿ!”

ಸಾಲೆಲ್ಲ ಹೌದು ಎಂದಿತು. ನಿಂಬೆಯ ಬುಟ್ಟಿ ತಿರುಗಿ ಹೋಯಿತು. ದೂತನು ಹೋಗಿ, “ಕೋಟೆ ನಡುಗುವ ಹಾಗೆ ಕೂಗಿದರು. ಗಟ್ಟಿಮುಟ್ಟಾಗಿದ್ದಾರೆ” ಎಂದ. ದಳವಾಯಿ ನಂಬಿದ. ತೋಪುಗಳನ್ನು ಹೆಚ್ಚಿಸಿದ.

ಕೆಲವು ವಾರ ಕಳೆಯಿತು. ಹಡಗು ಬರಲಿಲ್ಲ. ಒಂದು ಬೆಳಿಗ್ಗೆ ಕಿಲ್ಲೇದಾರನು ಬುರುಜಿಗೆ ಹೋದ. ಮುದಿ ಸಿಪಾಯಿ ಗೋಡೆಗೆ ಒರಗಿ ಕೋವಿ ಹಿಡಿದು ನಿಂತಿದ್ದ. ಕಿಲ್ಲೇದಾರನು ಹೆಗಲು ಮುಟ್ಟಿ, “ಚೆನ್ನಾಗಿದ್ದೀ ತಾನೇ?” ಎಂದ. ಸಿಪಾಯಿ ಹಾಗೆಯೇ ಜಾರಿ ಕೆಳಗೆ ಬಿದ್ದ. ಬಾಯಿ ತೆರೆದುಕೊಂಡಿತು. ಕಿಲ್ಲೇದಾರನು ಬಗ್ಗಿ ನೋಡಿದ.

ಎದ್ದವನು ಒಬ್ಬೊಬ್ಬನ ಹತ್ತಿರ ಹೋದ. ಬಾಯಿ ತೆಗೆಸಿ ನೋಡಿದ. ಇಡೀ ಕೋಟೆ ಸುತ್ತಿದ. ಯಾರನ್ನೂ ಏನೂ ಕೇಳಲಿಲ್ಲ. ಕೊನೆಯವನ ಬಾಯಿ ನೋಡಿದ ಮೇಲೆ ಬಾವುಟ ಇಳಿಸಿ ಎಂದ.

ಗೆದ್ದ ಸೈನ್ಯವು ದಾರಿಯ ಎರಡೂ ಕಡೆ ನಿಂತಿತು. ಬೈಯಲು ಬೈಗುಳ ಸಿದ್ಧ ಮಾಡಿಕೊಂಡಿದ್ದರು. “ಹೊರಗೆ ಬನ್ನಿರೋ ಬಿಲದ ಇಲಿಗಳಿರಾ! ಬಾಲ ಇದೆಯೋ ಸುಟ್ಟುಹೋಯಿತೋ?” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಬಾಗಿಲು ತೆರೆಯಿತು. ಒಳಗಿನವರು ಬಂದರು. ಕೋವಿಯನ್ನು ಕೋಲು ಮಾಡಿಕೊಂಡು ಬಂದರು. ಒಬ್ಬರ ಹೆಗಲು ಒಬ್ಬರು ಹಿಡಿದು ಬಂದರು. ಕೆಲವರು ತೆವಳಿದರು. ನಗು ನಿಂತಿತು. ಕೂಗಿದವನು ಮುಖ ತಿರುಗಿಸಿದ. “ನಾವು ಇವರ ಮೇಲಾ ಗುಂಡು ಹಾರಿಸಿದ್ದು?” ಎಂದು ತೋಪಿನವನೊಬ್ಬ ಅತ್ತ.

ದಳವಾಯಿ ಕಿಲ್ಲೇದಾರನಿಗೆ ಹೇಳಿದ: “ನಿಂಬೆಹಣ್ಣು ಕಳಿಸಿದ್ದೆನಲ್ಲ.”

“ನಾನು ಇವರನ್ನು ಕೇಳಿದೆ,” ಎಂದ ಕಿಲ್ಲೇದಾರ. “ನಿಮ್ಮ ದೂತನ ಎದುರಿಗೇ ಕೇಳಿದೆ. ಚೆನ್ನಾಗಿದ್ದೇವೆ ಎಂದರು.” ತಿರುಗಿ ತನ್ನ ಸಿಪಾಯಿಗಳನ್ನು ನೋಡಿದ. “ಯಾಕೆ ಸುಳ್ಳು ಹೇಳಿದಿರಿ? ದಿನಾ ಕೇಳುತ್ತಿರಲಿಲ್ಲವೇ ನಾನು?”

ಮುದಿ ಸಿಪಾಯಿಯ ಜೊತೆ ಕಾವಲು ನಿಲ್ಲುತ್ತಿದ್ದ ಹರೆಯದವನಿಗೆ ಕಾಲು ನಿಲ್ಲುತ್ತಿರಲಿಲ್ಲ. ಅವನು ನೆಲದ ಮೇಲೆ ಕೂತೇ ಹೇಳಿದ.

“ಧಣಿ, ನೀವು ಕೇಳಲಿಲ್ಲ. ‘ತಾನೇ’ ಎಂದಿರಿ. ಉತ್ತರವನ್ನೂ ನೀವೇ ಕೊಟ್ಟಿರಿ. ನಾವು ಅದನ್ನು ತಿರುಗಿ ಹೇಳಿದೆವು, ಅಷ್ಟೇ.”

ಆಮೇಲೆ ಎಲ್ಲರಿಗೂ ನಿಂಬೆಹಣ್ಣು ಕೊಟ್ಟರು. ಬದುಕುವವರು ಬದುಕಿದರು. ಗೆದ್ದವರು ಆ ಕೋಟೆಗೆ ಮದ್ದಿಟ್ಟು ಒಡೆದರು. ಕಿಲ್ಲೇದಾರನು ಊರಿಗೆ ಮರಳಿದ. ಅವನ ರಾಜನು ವಿಚಾರಣೆ ಮಾಡಿಸಿದ. ಕೋಟೆ ಬಿದ್ದದ್ದರಲ್ಲಿ ಇವನ ತಪ್ಪಿಲ್ಲ ಎಂದು ತೀರ್ಪಾಯಿತು. ತೀರ್ಪು ಓದುವಾಗ ಎಲ್ಲರೂ ಅವನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

“ನೋಡಿ ಮತ್ತೆ,” ಎಂದ ಅಡಿವೆಪ್ಪ. ಅವನ ಮುಖ ಸ್ವಲ್ಪ ಸಡಿಲವಾಗಿತ್ತು. “ರಾಜನೇ ತಪ್ಪಿಲ್ಲ ಎಂದನಲ್ಲ, ಗುರುಗಳೇ. ಅವನು ಕೇಳುವುದನ್ನು ಕೇಳಿದ್ದ. ಅವರು ಹೇಳಲಿಲ್ಲ.”

ಗುರುಗಳು ಅವನ ಕಡೆಗೆ ತಿರುಗಿದರು.

“ನೀನು ಅವಳನ್ನು ಏನೆಂದು ಕೇಳುತ್ತಿದ್ದೆ, ಅಡಿವೆಪ್ಪ?”