ಕೊಡೆಯ ಕೆಳಗಿನ ಗಿಡ

“ಗುರುಗಳೇ, ಮಠದ ಹೆಬ್ಬಾಗಿಲ ಕಟ್ಟೆಯ ಮೇಲೆ ಮೂರು ತಿಂಗಳಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಮನಸ್ಸು ನಿಲ್ಲುತ್ತಿಲ್ಲ. ಬಂದವರೆಲ್ಲ ನಿಂತು ನೋಡುತ್ತಾರೆ, ಕೈ ಮುಗಿಯುತ್ತಾರೆ, ಕೆಲವರು ಎದುರಿಗೆ ಬಾಳೆಹಣ್ಣು ಇಟ್ಟು ಹೋಗುತ್ತಾರೆ. ಹಣ್ಣಿಗೆ ನೊಣ ಬರುತ್ತದೆ. ನೊಣ ನನ್ನ ಮೂಗಿನ ಮೇಲೆ ಕೂರುತ್ತದೆ. ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಹೆಂಡತಿ ದ್ವೀಪದವಳು. ದ್ವೀಪವೆಂದರೆ ಸುತ್ತಲೂ ನೀರು. ಹಾಗಾಗಿ ಅವಳು ತವರಿಗೆ ಹೋಗಬೇಕಾದರೆ ದೋಣಿಯೇ ಬೇಕು. ಆ ದ್ವೀಪದ ಕಾಡಿನಲ್ಲಿ, ದೊಡ್ಡ ಮರಗಳ ಅಡಿಯಲ್ಲಿ, ಒಂದು ಪೊದೆಗಿಡ ಬೆಳೆಯುತ್ತದೆ. ಅದು ವರ್ಷವಿಡೀ ಹಸಿರು. ಹಾಗೆಂದರೆ ಎಲೆ ಉದುರುವುದೇ ಇಲ್ಲ ಎಂದಲ್ಲ. ಒಂದು ಉದುರುವ ಹೊತ್ತಿಗೆ ಇನ್ನೊಂದು ಚಿಗುರಿರುತ್ತದೆ. ಹೂವು ಸಣ್ಣದು, ಪರಿಮಳ ದೊಡ್ಡದು. ಹೆಂಡತಿ ಆ ಪರಿಮಳದಲ್ಲೇ ಬೆಳೆದವಳು. ಗಂಡನ ಊರಿನಲ್ಲಿ ಅದಿಲ್ಲದೆ ಅವಳಿಗೆ ಊಟ ಸೇರಲಿಲ್ಲ.

“ಒಂದು ವರ್ಷ ನೋಡುತ್ತೇನೆ. ಆ ಗಿಡ ಇಲ್ಲಿ ಬದುಕಿದರೆ ನಾನೂ ಇರುತ್ತೇನೆ. ಒಣಗಿದರೆ ಅಪ್ಪನ ದೋಣಿ ಹತ್ತುತ್ತೇನೆ” ಎಂದಳು.

ವರ್ತಕ ಹೆದರಿದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು. ಇದನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಅವನು ಮಾಡಿದ್ದನ್ನು ಕೇಳಿದರೆ ಸಂಶಯ ಬರುತ್ತದೆ.

ಅವನು ದ್ವೀಪಕ್ಕೆ ಹೋದ. ಮಾವ ರೈತ. ಬುಟ್ಟಿಯಲ್ಲಿ ಮಣ್ಣಿನ ಸಮೇತ ಒಂದು ಸಸಿ ಕೊಟ್ಟು ಹೇಳಿದ: “ನೆರಳಿನಲ್ಲಿ ನೆಡಿ. ಬುಡಕ್ಕೆ ತರಗೆಲೆ ಹಾಕಿ. ಮಣ್ಣು ಆರಿದಾಗ ಮಾತ್ರ ನೀರು ಕೊಡಿ. ಆಮೇಲೆ ನಿಮ್ಮ ಕೆಲಸ ನೋಡಿಕೊಳ್ಳಿ, ಅಳಿಯಂದಿರೇ.”

ವರ್ತಕ ಸಸಿಯನ್ನು ಮನೆಯ ಮುಂದೆ, ಬೀದಿಗೆ ಕಾಣುವಂತೆ ನೆಟ್ಟ. ಅಲ್ಲಿ ಸುಡುಬಿಸಿಲು. ಮಾವ ನೆರಳು ಎಂದದ್ದನ್ನು ಅವನು ಮರೆತಿರಲಿಲ್ಲ. ಅದಕ್ಕೇ ಕೊಡೆ ಹಿಡಿದು ಪಕ್ಕದಲ್ಲಿ ನಿಂತ. ಸೂರ್ಯ ಸರಿದಂತೆ ನೆರಳು ಸರಿಯುತ್ತದೆ. ನೆರಳು ಸರಿದಂತೆ ವರ್ತಕನೂ ಸರಿದ. ಅಂಗಡಿ ಮುಚ್ಚಿತು.

“ಏನು ಸಾಹುಕಾರ್ರೇ, ಗಿಡಕ್ಕೆ ಜ್ವರವೋ?” ಎಂದು ದಾರಿಹೋಕರು ಕೇಳುತ್ತಿದ್ದರು.

“ನನ್ನ ಹೆಂಡತಿಗಾಗಿ!” ಎಂದು ಅವನು ಬೀದಿಯ ಕೊನೆಗೂ ಕೇಳುವಂತೆ ಹೇಳಿ, ಅವರ ಎದುರಿಗೇ ಒಂದು ಚೊಂಬು ನೀರು ಹೊಯ್ಯುತ್ತಿದ್ದ. ಜನ ಓಡಾಡುವ ಬೀದಿ. ಸಂಜೆಯೊಳಗೆ ನಲವತ್ತು ಚೊಂಬು. ಊರಿನ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿದರು. ಗಂಡಂದಿರು ಬೇರೆ ಬೀದಿಯಲ್ಲಿ ಓಡಾಡತೊಡಗಿದರು.

ಹೆಂಡತಿ ಇಡೀ ದಿನ ಅಡುಗೆಮನೆಯಲ್ಲಿ. ಅಪರೂಪಕ್ಕೆ ಬಾಗಿಲಿಗೆ ಬಂದರೆ ಅವಳಿಗೆ ಕಾಣುತ್ತಿದ್ದದ್ದು ಕೊಡೆ ಮತ್ತು ಗಂಡನ ಬೆನ್ನು.

ಹನ್ನೊಂದನೆಯ ತಿಂಗಳಿಗೆ ಗಿಡದಲ್ಲಿ ಏಳು ಎಲೆ ಉಳಿದವು. ಹೆಂಡತಿ ಬಟ್ಟೆಯ ಗಂಟು ಕಟ್ಟಿದಳು. ರೈತ ದೋಣಿ ತಂದ. ಅವನು ಗಿಡದ ಬುಡಕ್ಕೆ ಬೆರಳಿಟ್ಟ. ಬೆರಳು ಕೆಸರಿನಲ್ಲಿ ಹೂತುಹೋಯಿತು. ತಲೆಯೆತ್ತಿ ಕೊಡೆ ನೋಡಿದ.

“ಹಿತ್ತಲಲ್ಲಿ ಅಷ್ಟು ದೊಡ್ಡ ಹಲಸಿನ ಮರವಿದೆಯಲ್ಲ, ಅಳಿಯಂದಿರೇ. ಅದರ ನೆರಳು ಏನು ತಪ್ಪು ಮಾಡಿತ್ತು?”

“ಹಿತ್ತಲಲ್ಲಿ ನೆಟ್ಟರೆ ಯಾರಿಗೆ ಕಾಣುತ್ತದೆ, ಮಾವ?”

“ಅವಳಿಗೆ” ಎಂದ ರೈತ. ಅಡುಗೆಮನೆಯ ಕಿಟಕಿ ಇದ್ದದ್ದು ಹಿತ್ತಲಿನ ಕಡೆಗೇ.

ರೈತ ಗಿಡವನ್ನು ಕಿತ್ತು ಹಲಸಿನ ಅಡಿಯಲ್ಲಿ ನೆಟ್ಟು, ತರಗೆಲೆ ಹಾಕಿ, ಖಾಲಿ ದೋಣಿಯಲ್ಲಿ ಹಿಂತಿರುಗಿದ. ಹೆಂಡತಿ ಉಳಿದಳು, ಆದರೆ ಗಂಟು ಬಿಚ್ಚಲಿಲ್ಲ. ವರ್ತಕ ಅಂಗಡಿ ತೆರೆದ. “ಗಿಡ ಏನಾಯಿತು?” ಎಂದು ಜನ ಕೇಳಿದರೆ “ಇದೆ” ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದ. ಹನ್ನೊಂದು ತಿಂಗಳು ಕೊಡೆ ಹಿಡಿದದ್ದಕ್ಕಿಂತ ಆ ಬಾಯಿ ಮುಚ್ಚುವುದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ತುಂಬ ಪರಿಮಳ ಬಂತು. ಹೆಂಡತಿ ಗಂಟು ಬಿಚ್ಚಿ, ಅಡುಗೆ ಮಾಡಿ, ಎರಡು ಸಲ ಬಡಿಸಿಕೊಂಡು ಉಂಡಳು. ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಕತೆ ಕೇಳಿದ ಶಿಷ್ಯ ಮೂಗು ಉಜ್ಜಿಕೊಂಡ. “ಆದರೆ ಗುರುಗಳೇ, ನನಗೆ ಹೆಂಡತಿಯೂ ಇಲ್ಲ, ಗಿಡವೂ ಇಲ್ಲ. ನನ್ನ ತೊಂದರೆ ನೊಣದ್ದು” ಎಂದ.

“ನಮ್ಮ ಮಠದ ಅಡುಗೆಮನೆಯ ಹಿಂದೆಯೂ ಒಂದು ಹಲಸಿನ ಮರವಿದೆ” ಎಂದರು ಗುರುಗಳು.